ಜಾವಾ ಕ್ರಮವಿಧಿಗಳಲ್ಲಿ ಪ್ರಕಾರ ಸುರಕ್ಷತೆಯ ಎಚ್ಚರಿಕೆಗಳು: ಅರ್ಥ ಮತ್ತು ಪರಿಹಾರ

೧. ಪೀಠಿಕೆ

ಗ್ರಂಥವೊಂದರ ಶಬ್ದಸೂಚಿಯನ್ನು ಸಿದ್ಧಪಡಿಸುವುದು ಬಹುಕಾಲ ಚೀಟಿಗಳ ಕೆಲಸವಾಗಿತ್ತು. ಒಂದೊಂದು ಪದಕ್ಕೆ ಒಂದೊಂದು ಚೀಟಿ. ಚೀಟಿಯ ಮೇಲೆ ಆ ಪದ ಬಂದಿರುವ ಪುಟಗಳ ಸಂಖ್ಯೆ. ಕೊನೆಗೆ ಚೀಟಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ಅಚ್ಚಿಗೆ ಕೊಡುವುದು. ಇದು ಆ ಕೆಲಸದ ಕ್ರಮ. ಈಗ ಇದನ್ನು ಗಣಕಯಂತ್ರಕ್ಕೆ ಒಪ್ಪಿಸುವುದು ರೂಢಿಗೆ ಬಂದಿದೆ. ಚೀಟಿಯ ಕಾಲದಲ್ಲಿ ತಪ್ಪಾದರೆ ಅದು ಬರೆದವರ ಕಣ್ತಪ್ಪಾಗಿತ್ತು. ಇನ್ನೊಬ್ಬರ ಕಣ್ಣಿಗೆ ಬೀಳುವ ಅವಕಾಶವೂ ಅದಕ್ಕಿತ್ತು. ಗಣಕಯಂತ್ರದ ಮೂಲಕ ನುಸುಳುವ ತಪ್ಪಿನ ಲಕ್ಷಣ ಬೇರೆ. ಅದು ಒಂದೇ ತಪ್ಪನ್ನು ಸಾವಿರಾರು ಪದಗಳಿಗೆ ಏಕರೀತಿಯಲ್ಲಿ ಅನ್ವಯಿಸಿ, ಅಚ್ಚುಕಟ್ಟಾದ ಪುಟಗಳ ರೂಪದಲ್ಲಿ ನಮ್ಮ ಮುಂದಿಡುತ್ತದೆ. ಅಚ್ಚುಕಟ್ಟಾಗಿ ಕಾಣುವುದನ್ನು ಸಂದೇಹಿಸುವ ಅಭ್ಯಾಸ ನಮ್ಮಲ್ಲಿ ಕಡಿಮೆ.

ಇಂತಹ ತಪ್ಪುಗಳಲ್ಲಿ ಒಂದು ವರ್ಗದ ತಪ್ಪುಗಳನ್ನು ಕುರಿತು ಜಾವಾ ಎಂಬ ಗಣಕ ಭಾಷೆಯು ಮೊದಲೇ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯ ಮಾತುಗಳು ಹೊಸಬರಿಗೆ ಒಗಟಿನಂತಿರುತ್ತವೆ. ಕ್ರಮವಿಧಿಯು ಎಚ್ಚರಿಕೆಯ ನಡುವೆಯೂ ಓಡುವುದರಿಂದ, ಅದನ್ನು ಓದದೆ ಮುಂದೆ ಸಾಗುವವರೇ ಹೆಚ್ಚು. ಕನ್ನಡವನ್ನು ಅಭ್ಯಾಸ ಮಾಡುವ ಬಳಗದಲ್ಲಿ, ಅದರಲ್ಲಿಯೂ ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಂತಹ ನಗರಗಳಲ್ಲಿ, ತಂತ್ರಾಂಶ ರಚನೆಯನ್ನು ವೃತ್ತಿಯಾಗಿ ಉಳ್ಳವರೂ ಇದ್ದಾರೆ. ಇಂತಹ ತಂತ್ರಾಂಶದ ಫಲಿತವನ್ನು ನಂಬಿ ಸಂಶೋಧನೆ ನಡೆಸುವವರೂ ಇದ್ದಾರೆ. ಇಬ್ಬರಿಗೂ ಉಪಯುಕ್ತವಾಗುವಂತೆ ಈ ಎಚ್ಚರಿಕೆಗಳ ಅರ್ಥವೇನು, ಅವು ಹುಟ್ಟುವುದೇಕೆ, ಅವುಗಳನ್ನು ಪರಿಹರಿಸುವ ಸರಿಯಾದ ಕ್ರಮ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಜಾವಾದಲ್ಲಿ ಚಲಕಗಳ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಇಡಲು ಅವಕಾಶವಿದೆ. ಆದರೆ ಭಾಷೆಯ ಮೂಲಪದಗಳೂ ಅದರ ಸಿದ್ಧ ವರ್ಗಗಳ ಹೆಸರುಗಳೂ ರೋಮನ್ ಲಿಪಿಯವು. ಇಲ್ಲಿ ಓದಿನ ಅನುಕೂಲಕ್ಕಾಗಿ ಅವುಗಳನ್ನೆಲ್ಲ ಕನ್ನಡ ಲಿಪಿಯಲ್ಲಿಯೇ ಬರೆಯಲಾಗಿದೆ.

೨. ಪ್ರಕಾರ ಎಂದರೇನು?

‘ರಾಮನು ಬಂದಳು’ ಎಂಬ ವಾಕ್ಯವನ್ನು ಕಂಡೊಡನೆ ಅದು ತಪ್ಪೆಂದು ನಾವು ಹೇಳುತ್ತೇವೆ. ಹಾಗೆ ಹೇಳಲು ರಾಮನು ನಿಜವಾಗಿ ಬಂದನೋ ಇಲ್ಲವೋ ಎಂದು ಹೋಗಿ ನೋಡಬೇಕಾಗಿಲ್ಲ. ಕರ್ತೃಪದದ ಲಿಂಗಕ್ಕೂ ಕ್ರಿಯಾಪದದ ಪ್ರತ್ಯಯಕ್ಕೂ ಹೊಂದಿಕೆಯಿಲ್ಲ ಎಂಬುದೇ ಸಾಕು. ಗಣಕ ಭಾಷೆಗಳಲ್ಲಿ ‘ಟೈಪ್’ ಎಂಬ ಕಲ್ಪನೆಯೂ ಇಂತಹುದೇ. ಅದನ್ನು ಇಲ್ಲಿ ‘ಪ್ರಕಾರ’ ಎಂದು ಕರೆಯೋಣ. ಪೂರ್ಣಾಂಕವು ಒಂದು ಪ್ರಕಾರ. ಜಾವಾದಲ್ಲಿ ಅದಕ್ಕೆ ‘ಇಂಟಿಜರ್’ ಎಂದು ಹೆಸರು. ಅಕ್ಷರಗಳ ಸರಣಿ ಇನ್ನೊಂದು ಪ್ರಕಾರ, ಅದು ‘ಸ್ಟ್ರಿಂಗ್’. ಪೂರ್ಣಾಂಕ ಇರಬೇಕಾದ ಸ್ಥಾನದಲ್ಲಿ ಅಕ್ಷರಸರಣಿಯನ್ನು ಇಟ್ಟರೆ, ಕ್ರಮವಿಧಿಯನ್ನು ನಡೆಸುವ ಮೊದಲೇ, ಅದನ್ನು ಯಂತ್ರಕ್ಕೆ ಸಿದ್ಧಗೊಳಿಸುವ ‘ಕಂಪೈಲರ್’ ತಡೆಯುತ್ತದೆ.

ಕಂಪೈಲರ್ ಆಡುವ ಮಾತಿನಲ್ಲಿ ಎರಡು ಬಗೆ. ಒಂದು ದೋಷಸೂಚನೆ: ‘ಇದು ತಪ್ಪು, ಮುಂದುವರಿಯಲಾಗದು’ ಎಂದು ಅದರ ಅರ್ಥ. ಇನ್ನೊಂದು ಎಚ್ಚರಿಕೆ. ಅಚ್ಚುಕೂಟದಲ್ಲಿ ಕರಡು ತಿದ್ದುವವರು ಅಕ್ಷರದೋಷವನ್ನು ಕಂಡರೆ ತಾವೇ ತಿದ್ದುತ್ತಾರೆ. ಹಸ್ತಪ್ರತಿಯನ್ನು ನೋಡದೆ ನಿರ್ಧರಿಸಲಾಗದ ಸ್ಥಳ ಬಂದಾಗ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿ ಲೇಖಕರಿಗೆ ಕಳುಹಿಸುತ್ತಾರೆ. ಜಾವಾದ ಎಚ್ಚರಿಕೆಯು ಈ ಅಂಚಿನ ಪ್ರಶ್ನಾರ್ಥಕಕ್ಕೆ ಸಮಾನ. ‘ಇದು ತಪ್ಪು’ ಎಂದು ಅದು ಹೇಳುತ್ತಿಲ್ಲ. ‘ಇದು ಸರಿಯೆಂದು ನಾನು ಖಚಿತಪಡಿಸಲಾರೆ, ನೀವು ನೋಡಿಕೊಳ್ಳಿ’ ಎಂದು ಹೇಳುತ್ತಿದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ವಿವರಣೆ ಸುಲಭವಾಗುತ್ತದೆ.

೩. ಚಾರಿತ್ರಿಕ ಹಿನ್ನೆಲೆ

ಜಾವಾ ಭಾಷೆಯನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ೧೯೯೫ರಲ್ಲಿ ಲೋಕಕ್ಕೆ ನೀಡಿತು. ಅದರ ರಚನೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಅವರದು ಮುಖ್ಯ ಪಾತ್ರ. ವಸ್ತುಗಳ ಪಟ್ಟಿ, ಗಣ, ನಿಘಂಟು ಮೊದಲಾದ ಸಂಗ್ರಹಗಳನ್ನು ವ್ಯವಸ್ಥಿತವಾಗಿ ನಿರ್ವಹಿಸುವ ಸಿದ್ಧ ವರ್ಗಗಳ ಸಮುದಾಯವು ೧೯೯೮ರ ಆವೃತ್ತಿಯಲ್ಲಿ ಸೇರಿತು. ಅವುಗಳಲ್ಲಿ ‘ಲಿಸ್ಟ್’ ಎಂಬ ಪಟ್ಟಿಯೂ ಒಂದು. ಆದರೆ ಆಗಿನ ಪಟ್ಟಿಗೆ ಒಂದು ಮಿತಿಯಿತ್ತು. ‘ಇದು ಪಟ್ಟಿ’ ಎಂದಷ್ಟೇ ಹೇಳಬಹುದಾಗಿತ್ತು. ‘ಇದು ಪೂರ್ಣಾಂಕಗಳ ಪಟ್ಟಿ’ ಎಂದು ಹೇಳುವ ಸಾಧನ ಭಾಷೆಯಲ್ಲಿರಲಿಲ್ಲ. ಪಟ್ಟಿಯಿಂದ ಹೊರತೆಗೆದ ವಸ್ತು ಪೂರ್ಣಾಂಕವೇ ಎಂದು ಕ್ರಮವಿಧಿಕಾರರು ಪ್ರತಿಸಲವೂ ತಾವೇ ಘೋಷಿಸಬೇಕಾಗಿತ್ತು. ಈ ಘೋಷಣೆಗೆ ‘ಕಾಸ್ಟ್’ ಎಂದು ಹೆಸರು. ಘೋಷಣೆ ಸುಳ್ಳಾದರೆ ಕ್ರಮವಿಧಿಯು ನಡೆಯುತ್ತಿರುವಾಗಲೇ ‘ಕ್ಲಾಸ್ ಕಾಸ್ಟ್ ಎಕ್ಸೆಪ್ಷನ್’ ಎಂಬ ದೋಷದೊಂದಿಗೆ ನಿಂತುಹೋಗುತ್ತಿತ್ತು.

ಈ ಕೊರತೆಯನ್ನು ನೀಗುವ ಪ್ರಯತ್ನಗಳು ಬೇಗನೆ ಆರಂಭವಾದವು. ಮಾರ್ಟಿನ್ ಓಡರ್ಸ್ಕಿ ಮತ್ತು ಫಿಲಿಪ್ ವಾಡ್ಲರ್ ಅವರು ೧೯೯೭ರಲ್ಲಿ ‘ಪಿಜ್ಜಾ’ ಎಂಬ ವಿಸ್ತೃತ ಭಾಷೆಯನ್ನು ಮಂಡಿಸಿದರು. ೧೯೯೮ರಲ್ಲಿ ಇವರಿಬ್ಬರು ಗಿಲಾಡ್ ಬ್ರಾಚಾ ಮತ್ತು ಡೇವಿಡ್ ಸ್ಟೌಟಮೈರ್ ಅವರೊಂದಿಗೆ ‘ಜೀಜೇ’ ಎಂಬ ಯೋಜನೆಯನ್ನು ಪ್ರಕಟಿಸಿದರು. ಅದರ ತಳಹದಿಯ ಮೇಲೆ ರೂಪುಗೊಂಡ ‘ಜೆನೆರಿಕ್ಸ್’ ವ್ಯವಸ್ಥೆಯು ೨೦೦೪ರ ಸೆಪ್ಟೆಂಬರಿನಲ್ಲಿ ಜಾವಾದ ಐದನೆಯ ಆವೃತ್ತಿಯಲ್ಲಿ ಸೇರ್ಪಡೆಯಾಯಿತು. ಅಂದಿನಿಂದ ‘ಲಿಸ್ಟ್<ಇಂಟಿಜರ್>’ ಎಂದು ಬರೆಯಲು ಸಾಧ್ಯವಾಯಿತು. ಕೋನಾವರಣದ ಒಳಗಿರುವ ಹೆಸರು ಪಟ್ಟಿಯಲ್ಲಿರುವ ವಸ್ತುಗಳ ಪ್ರಕಾರವನ್ನು ತಿಳಿಸುತ್ತದೆ.

ಆದರೆ ಆ ಹೊತ್ತಿಗೆ ಒಂಬತ್ತು ವರ್ಷಗಳ ಕಾಲ ಬರೆದ ಅಪಾರ ಕ್ರಮವಿಧಿಗಳು ಬಳಕೆಯಲ್ಲಿದ್ದವು. ಅವೆಲ್ಲವನ್ನೂ ಒಂದೇ ದಿನ ತಿದ್ದಿ ಬರೆಯಿರೆಂದು ಹೇಳುವಂತಿರಲಿಲ್ಲ. ಹಳೆಯ ಕ್ರಮವಿಧಿಯು ಹೊಸದನ್ನೂ, ಹೊಸದು ಹಳೆಯದನ್ನೂ ಕರೆಯುವಂತಿರಬೇಕು. ಒಬ್ಬೊಬ್ಬರು ತಮ್ಮ ಅನುಕೂಲದ ಕಾಲದಲ್ಲಿ ತಮ್ಮ ಭಾಗವನ್ನು ಪರಿಷ್ಕರಿಸುವಂತಿರಬೇಕು. ಆದುದರಿಂದ ಕೋನಾವರಣವಿಲ್ಲದ ಬರಿಯ ‘ಲಿಸ್ಟ್’ ಅನ್ನೂ ಭಾಷೆಯಲ್ಲಿ ಉಳಿಸಿಕೊಳ್ಳಲಾಯಿತು. ಇದಕ್ಕೆ ‘ರಾ ಟೈಪ್’, ಎಂದರೆ ಕಚ್ಚಾ ಪ್ರಕಾರ, ಎಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯ ಸೀ ಶಾರ್ಪ್ ಭಾಷೆಯು ೨೦೦೫ರಲ್ಲಿ ಇದೇ ಸೌಲಭ್ಯವನ್ನು ತಂದಾಗ ಬೇರೆ ಹಾದಿ ಹಿಡಿಯಿತು: ಹಳೆಯ ಸಂಗ್ರಹಗಳನ್ನು ಹಾಗೆಯೇ ಬಿಟ್ಟು, ಹೊಸ ಸಂಗ್ರಹಗಳನ್ನು ಪ್ರತ್ಯೇಕವಾಗಿ ನಿರ್ಮಿಸಿತು. ಜಾವಾ ಹಳೆಯದನ್ನೂ ಹೊಸದನ್ನೂ ಒಂದೇ ಮನೆಯಲ್ಲಿ ಇರಿಸಿತು. ಈ ಲೇಖನದಲ್ಲಿ ಚರ್ಚಿಸುವ ಎಚ್ಚರಿಕೆಗಳಲ್ಲಿ ಬಹುಪಾಲು ಈ ಸಹವಾಸದಿಂದ ಹುಟ್ಟಿದವು.

೪. ಅಳಿಸಿಹೋಗುವ ಗುರುತು

ಸಹವಾಸವನ್ನು ಸಾಧ್ಯವಾಗಿಸಲು ಜಾವಾ ಅನುಸರಿಸಿದ ಉಪಾಯಕ್ಕೆ ‘ಟೈಪ್ ಇರೇಷರ್’ ಎನ್ನುತ್ತಾರೆ. ಎಂದರೆ ಪ್ರಕಾರದ ಗುರುತನ್ನು ಅಳಿಸುವುದು. ಅಡುಗೆಮನೆಯ ಡಬ್ಬಿಗಳಿಗೆ ‘ಸಕ್ಕರೆ’, ‘ಉಪ್ಪು’ ಎಂದು ಚೀಟಿ ಅಂಟಿಸಿ, ತುಂಬುವವರು ಚೀಟಿಯನ್ನು ನೋಡಿಯೇ ತುಂಬಿದರೆಂದು ಭಾವಿಸೋಣ. ತುಂಬಿ ಮುಗಿದ ಮೇಲೆ ಚೀಟಿಗಳನ್ನೆಲ್ಲ ಕಿತ್ತುಹಾಕಲಾಗುತ್ತದೆ. ತುಂಬುವಾಗ ನಿಯಮವನ್ನು ಪಾಲಿಸಿದ್ದರೆ ಚೀಟಿ ಇಲ್ಲದಿದ್ದರೂ ತೊಂದರೆಯಿಲ್ಲ. ಎಲ್ಲ ಡಬ್ಬಿಗಳಲ್ಲೂ ಇರಬೇಕಾದದ್ದೇ ಇರುತ್ತದೆ. ಜಾವಾ ಕಂಪೈಲರ್ ಮಾಡುವುದೂ ಇದನ್ನೇ. ಕೋನಾವರಣದ ಒಳಗಿನ ಪ್ರಕಾರವನ್ನು ಆಧರಿಸಿ ಅದು ಹೊಂದಿಕೆಯನ್ನು ಪರೀಕ್ಷಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಅಳಿಸುತ್ತದೆ. ವಸ್ತುವನ್ನು ಹೊರತೆಗೆಯುವ ಕಡೆ ಅಗತ್ಯವಾದ ಕಾಸ್ಟ್‌ಗಳನ್ನು ತಾನೇ ಸೇರಿಸುತ್ತದೆ.

ಇದರ ಪರಿಣಾಮವಾಗಿ, ಕ್ರಮವಿಧಿ ನಡೆಯುವಾಗ ಪಟ್ಟಿಯನ್ನು ಹಿಡಿದು ‘ನೀನು ಪೂರ್ಣಾಂಕಗಳ ಪಟ್ಟಿಯೋ, ಅಕ್ಷರಸರಣಿಗಳ ಪಟ್ಟಿಯೋ’ ಎಂದು ಕೇಳಿದರೆ ಅದಕ್ಕೆ ಉತ್ತರ ತಿಳಿಯದು. ‘ನಾನು ಪಟ್ಟಿ’ ಎಂದಷ್ಟೇ ಅದು ಹೇಳಬಲ್ಲದು. ಜಾವಾದ ‘ಅರೇ’ ಎಂಬ ಹಳೆಯ ಸರಣಿವ್ಯವಸ್ಥೆ ಹಾಗಲ್ಲ. ಅದಕ್ಕೆ ತನ್ನ ಪ್ರಕಾರ ಕೊನೆಯವರೆಗೂ ನೆನಪಿರುತ್ತದೆ, ಹೊಂದದ ವಸ್ತುವನ್ನು ಇಡಲು ಹೋದರೆ ಆ ಕ್ಷಣದಲ್ಲಿಯೇ ಪ್ರತಿಭಟಿಸುತ್ತದೆ. ಜೆನೆರಿಕ್ ಪಟ್ಟಿಗೆ ಆ ನೆನಪಿಲ್ಲ. ಆದ್ದರಿಂದ ತುಂಬುವ ಹೊತ್ತಿನ ಪರೀಕ್ಷೆಯೇ ಅದರ ಏಕೈಕ ರಕ್ಷಣೆ. ಆ ಪರೀಕ್ಷೆಯನ್ನು ಮಾಡಲಾಗದ ಸ್ಥಳ ಬಂದಾಗ ಕಂಪೈಲರ್ ‘ಅನ್‌ಚೆಕ್ಡ್’, ಎಂದರೆ ‘ಪರೀಕ್ಷಿಸಿಲ್ಲ’, ಎಂಬ ಎಚ್ಚರಿಕೆಯನ್ನು ಕೊಡುತ್ತದೆ.

೫. ಒಂದು ನಿದರ್ಶನ

ಶಬ್ದಸೂಚಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪದಕ್ಕೆ ಸಂಬಂಧಿಸಿದ ಪುಟಸಂಖ್ಯೆಗಳನ್ನು ಕಡತದಿಂದ ಓದಿ ಪಟ್ಟಿಯಾಗಿ ಕೊಡುವ ಒಂದು ಹಳೆಯ ವಿಧಾನವಿದೆ. ಅದನ್ನು ಬರೆದದ್ದು ೨೦೦೪ಕ್ಕೆ ಮುಂಚೆ. ಅದು ಕೊಡುವುದು ಕಚ್ಚಾ ಪಟ್ಟಿಯನ್ನು. ಹೊಸದಾಗಿ ಬರೆಯುವವರು ಅದನ್ನು ‘ಪುಟಗಳು’ ಎಂಬ ಹೆಸರಿನ, ‘ಲಿಸ್ಟ್<ಇಂಟಿಜರ್>’ ಪ್ರಕಾರದ ಚಲಕದಲ್ಲಿ ಇರಿಸಿಕೊಳ್ಳುತ್ತಾರೆ. ಇಲ್ಲಿ ಕಂಪೈಲರ್ ಎಚ್ಚರಿಸುತ್ತದೆ: ‘ಪರೀಕ್ಷಿಸದ ಪರಿವರ್ತನೆ, ಬೇಕಾದದ್ದು ಲಿಸ್ಟ್<ಇಂಟಿಜರ್>, ದೊರೆತದ್ದು ಲಿಸ್ಟ್’ ಎಂಬುದು ಆ ಎಚ್ಚರಿಕೆಯ ತಾತ್ಪರ್ಯ. ಬರೆದವರು ಅದನ್ನು ಗಮನಿಸದೆ ಮುಂದುವರಿಯುತ್ತಾರೆ.

ಹಳೆಯ ವಿಧಾನವು ಕಡತದಲ್ಲಿದ್ದ ಸಂಖ್ಯೆಗಳನ್ನು ಸಂಖ್ಯೆಗಳಾಗಿ ಪರಿವರ್ತಿಸದೆ, ಅಕ್ಷರಸರಣಿಗಳಾಗಿಯೇ ಪಟ್ಟಿಗೆ ಸೇರಿಸುತ್ತಿತ್ತೆಂದು ಭಾವಿಸೋಣ. ಪದವೊಂದು ೯, ೨೭, ೧೧೨ನೆಯ ಪುಟಗಳಲ್ಲಿ ಬಂದಿದೆ. ಪಟ್ಟಿಯನ್ನು ಏರಿಕೆಯ ಕ್ರಮದಲ್ಲಿ ಜೋಡಿಸಲು ಹೇಳಿದಾಗ ಯಾವ ದೋಷಸೂಚನೆಯೂ ಬರುವುದಿಲ್ಲ. ಏಕೆಂದರೆ ಅಕ್ಷರಸರಣಿಗಳನ್ನೂ ಪರಸ್ಪರ ಹೋಲಿಸಬಹುದು. ಆದರೆ ಆ ಹೋಲಿಕೆ ಮೌಲ್ಯವನ್ನು ನೋಡುವುದಿಲ್ಲ, ಮೊದಲ ಅಕ್ಷರದಿಂದ ಆರಂಭಿಸಿ ಅಕ್ಷರಗಳನ್ನು ನೋಡುತ್ತದೆ. ‘೧’ ಮೊದಲು, ಅನಂತರ ‘೨’, ಅನಂತರ ‘೯’. ಹೀಗಾಗಿ ಫಲಿತವು ೧೧೨, ೨೭, ೯ ಎಂದಾಗುತ್ತದೆ. ಮುದ್ರಣಕ್ಕೆ ಕಳುಹಿಸುವ ಸಾಮಾನ್ಯ ವಿಧಾನವು ಯಾವ ವಸ್ತುವನ್ನಾದರೂ ಸ್ವೀಕರಿಸುವುದರಿಂದ ಅಲ್ಲಿಯೂ ತಡೆಯಿಲ್ಲ. ‘ಪದವು ಮೊದಲು ಕಾಣಿಸಿಕೊಳ್ಳುವ ಪುಟ’ ಎಂಬ ಅಂಕಣವನ್ನು ಈ ಪಟ್ಟಿಯ ಮೊದಲ ವಸ್ತುವಿನಿಂದ ತುಂಬಿದರೆ, ೯ ಎಂದಿರಬೇಕಾದ ಕಡೆ ೧೧೨ ಎಂದು ಅಚ್ಚಾಗುತ್ತದೆ. ಅದನ್ನು ಆಧರಿಸಿ ಪದಪ್ರಯೋಗದ ಬಗ್ಗೆ ತೀರ್ಮಾನ ಮಾಡುವ ಸಂಶೋಧಕರಿಗೆ ತಪ್ಪಿನ ಸುಳಿವೂ ಸಿಗುವುದಿಲ್ಲ.

ಕಡತದ ಒಂದು ಭಾಗದಲ್ಲಿ ಕನ್ನಡ ಅಂಕಿಗಳೂ ಇನ್ನೊಂದು ಭಾಗದಲ್ಲಿ ರೋಮನ್ ಬರಹದೊಡನೆ ಬಳಸುವ ಅಂಕಿಗಳೂ ಇದ್ದರೆ ತೊಡಕು ಇಮ್ಮಡಿಯಾಗುತ್ತದೆ. ಯೂನಿಕೋಡ್ ಸಂಕೇತದಲ್ಲಿ ಎರಡನೆಯ ಬಗೆಯ ಅಂಕಿಗಳು ಕನ್ನಡ ಅಂಕಿಗಳಿಗಿಂತ ಬಹಳ ಹಿಂದಿನ ಸ್ಥಾನಗಳಲ್ಲಿವೆ. ಅಕ್ಷರಸರಣಿಗಳಾಗಿ ಜೋಡಿಸಿದಾಗ ಅವೆಲ್ಲವೂ ಮೊದಲು, ಕನ್ನಡ ಅಂಕಿಗಳೆಲ್ಲವೂ ಅನಂತರ ಬರುತ್ತವೆ. ಒಂದೇ ಪುಟಸಂಖ್ಯೆಯನ್ನು ಎರಡು ಲಿಪಿಗಳಲ್ಲಿ ಬರೆದಿದ್ದರೆ ಅವು ಎರಡು ಬೇರೆ ಪುಟಗಳೆಂದು ಎಣಿಕೆಯಾಗುತ್ತವೆ.

ಇನ್ನು ಪಟ್ಟಿಯಲ್ಲಿ ಕೆಲವು ನಿಜವಾದ ಪೂರ್ಣಾಂಕಗಳೂ ಕೆಲವು ಅಕ್ಷರಸರಣಿಗಳೂ ಬೆರೆತಿದ್ದರೆ, ಜೋಡಣೆಯ ಹೊತ್ತಿನಲ್ಲಿ ಕ್ಲಾಸ್ ಕಾಸ್ಟ್ ಎಕ್ಸೆಪ್ಷನ್ ಬಂದು ಕ್ರಮವಿಧಿ ನಿಲ್ಲುತ್ತದೆ. ಇದು ಒಂದರ್ಥದಲ್ಲಿ ಅದೃಷ್ಟ, ತಪ್ಪಿದೆಯೆಂದಾದರೂ ತಿಳಿಯುತ್ತದೆ. ಆದರೆ ದೋಷದ ವರದಿಯು ತೋರಿಸುವುದು ಜೋಡಣೆಯ ಸಾಲನ್ನು, ತಪ್ಪು ವಸ್ತು ಪಟ್ಟಿಯೊಳಗೆ ಬಂದ ಸಾಲನ್ನಲ್ಲ. ಜೋಡಣೆಯ ಸಾಲಿನಲ್ಲಿ ಕಾಸ್ಟ್ ಎಂಬುದೇ ಬರೆದಿಲ್ಲದಿರುವುದರಿಂದ ಓದುವವರಿಗೆ ವರದಿಯೇ ಅಸಂಗತವೆನ್ನಿಸುತ್ತದೆ. ಚಲಕದ ಘೋಷಿತ ಪ್ರಕಾರಕ್ಕೂ ಅದರೊಳಗಿನ ವಸ್ತುವಿಗೂ ಹೊಂದಿಕೆ ತಪ್ಪಿದ ಈ ಸ್ಥಿತಿಯನ್ನು ಜಾವಾದ ಪರಿಭಾಷೆಯಲ್ಲಿ ‘ಹೀಪ್ ಪೊಲ್ಯೂಷನ್’, ಎಂದರೆ ಸ್ಮೃತಿಯ ಮಾಲಿನ್ಯ, ಎಂದು ಕರೆಯುತ್ತಾರೆ. ಬಾವಿಯ ನೀರು ಕೆಟ್ಟದ್ದು ಎಲ್ಲಿ ಎಂಬುದು ಕೊಡದಲ್ಲಿ ನೋಡಿದರೆ ತಿಳಿಯುವುದಿಲ್ಲ. ನೀರು ಕೆಟ್ಟ ಸ್ಥಳವನ್ನು ತೋರಿಸಿಕೊಟ್ಟದ್ದು ಮೊದಲು ಬಂದಿದ್ದ ಆ ಎಚ್ಚರಿಕೆ ಮಾತ್ರ.

೬. ಎಚ್ಚರಿಕೆಗಳನ್ನು ಓದುವ ಕ್ರಮ

ಜಾವಾದ ಕಂಪೈಲರ್ ಸಾಮಾನ್ಯವಾಗಿ ಈ ಎಚ್ಚರಿಕೆಗಳನ್ನು ಸಂಕ್ಷೇಪಿಸಿ, ಇಂತಹ ಕಡತದಲ್ಲಿ ಪರೀಕ್ಷಿಸದ ಅಥವಾ ಅಸುರಕ್ಷಿತವಾದ ಕ್ರಿಯೆಗಳಿವೆ ಎಂದು ಒಂದು ಮಾತಿನಲ್ಲಿ ತಿಳಿಸಿ ಸುಮ್ಮನಾಗುತ್ತದೆ. ವಿವರಗಳು ಬೇಕಾದರೆ ಕಂಪೈಲರಿಗೆ ‘ಎಕ್ಸ್‌ಲಿಂಟ್’ ಎಂಬ ಆಯ್ಕೆಯನ್ನು ‘ಅನ್‌ಚೆಕ್ಡ್’ ಎಂಬ ಪದದೊಂದಿಗೆ ಕೊಡಬೇಕು. ಆಗ ಪ್ರತಿಯೊಂದು ಸ್ಥಳದ ಸಾಲಿನ ಸಂಖ್ಯೆಯೂ ಕಾರಣವೂ ದೊರೆಯುತ್ತವೆ. ೨೦೧೧ರಲ್ಲಿ ಬಂದ ಏಳನೆಯ ಆವೃತ್ತಿಯಿಂದ, ಕಚ್ಚಾ ಪ್ರಕಾರಗಳ ಬಳಕೆಯನ್ನು ಪ್ರತ್ಯೇಕವಾಗಿ ತೋರಿಸುವ ‘ರಾಟೈಪ್ಸ್’ ಆಯ್ಕೆಯೂ ಇದೆ. ಎಕ್ಲಿಪ್ಸ್ ಎಂಬ ರಚನಾ ಪರಿಸರದಲ್ಲಿ ಇವೇ ಎಚ್ಚರಿಕೆಗಳು ‘ಟೈಪ್ ಸೇಫ್ಟಿ’ ಎಂಬ ಮಾತಿನಿಂದ ಆರಂಭವಾಗುತ್ತವೆ.

ಮುಖ್ಯವಾದ ಎಚ್ಚರಿಕೆಗಳು ನಾಲ್ಕು ಬಗೆಯವು. ಕಚ್ಚಾ ಪಟ್ಟಿಯನ್ನು ಪ್ರಕಾರಸಹಿತವಾದ ಚಲಕದಲ್ಲಿ ಇರಿಸಿದರೆ ಅದು ಪರೀಕ್ಷಿಸದ ಪರಿವರ್ತನೆ. ಕಚ್ಚಾ ಪಟ್ಟಿಗೆ ವಸ್ತುವನ್ನು ಸೇರಿಸಿದರೆ ಅದು ಪರೀಕ್ಷಿಸದ ಕರೆ. ಯಾವ ವಸ್ತು ಸೇರಬಹುದೆಂದು ಕಂಪೈಲರಿಗೆ ತಿಳಿಯದು. ಯಾವುದೋ ವಸ್ತುವನ್ನು ‘ಇದು ಪೂರ್ಣಾಂಕಗಳ ಪಟ್ಟಿ’ ಎಂದು ಘೋಷಿಸಿದರೆ ಅದು ಪರೀಕ್ಷಿಸದ ಕಾಸ್ಟ್. ಪಟ್ಟಿ ಹೌದೋ ಅಲ್ಲವೋ ಎಂಬುದನ್ನು ಮಾತ್ರ ಯಂತ್ರವು ನೋಡಬಲ್ಲದು, ಒಳಗಿನದನ್ನು ನೋಡಲಾರದು. ಎಷ್ಟು ಬೇಕಾದರೂ ವಸ್ತುಗಳನ್ನು ಸ್ವೀಕರಿಸುವ ವಿಧಾನಕ್ಕೆ ಜೆನೆರಿಕ್ ವಸ್ತುಗಳನ್ನು ಕೊಟ್ಟಾಗ, ಅವುಗಳನ್ನು ತುಂಬಲು ಅರೇ ಒಂದು ತೆರೆಮರೆಯಲ್ಲಿ ನಿರ್ಮಾಣವಾಗುತ್ತದೆ. ಅದು ಪರೀಕ್ಷಿಸದ ಅರೇ ನಿರ್ಮಾಣ. ನಾಲ್ಕೂ ಕಡೆ ಹಿಂದಿರುವ ಪ್ರಶ್ನೆ ಒಂದೇ: ಈ ಸ್ಥಳದಲ್ಲಿ ಪ್ರಕಾರದ ಹೊಣೆ ಯಾರದು?

೭. ಪರಿಹಾರದ ಮಾರ್ಗಗಳು

ಮೊದಲನೆಯದು, ಕಚ್ಚಾ ಪ್ರಕಾರವನ್ನು ಬಿಟ್ಟು ಪೂರ್ಣ ಪ್ರಕಾರವನ್ನು ಬರೆಯುವುದು. ಮೂಲ ವಿಧಾನವು ನಮ್ಮ ಕೈಯಲ್ಲೇ ಇದ್ದರೆ ಅದನ್ನೇ ‘ಲಿಸ್ಟ್<ಇಂಟಿಜರ್>’ ಕೊಡುವಂತೆ ತಿದ್ದಬೇಕು. ತಿದ್ದಿದೊಡನೆ, ಅಕ್ಷರಸರಣಿಯನ್ನು ಸೇರಿಸುತ್ತಿದ್ದ ಸಾಲು ಎಚ್ಚರಿಕೆಯ ಹಂತದಿಂದ ದೋಷದ ಹಂತಕ್ಕೆ ಏರುತ್ತದೆ. ಅಡಗಿದ್ದ ತಪ್ಪು ತಾನಾಗಿಯೇ ಹೊರಬೀಳುತ್ತದೆ. ಎಚ್ಚರಿಕೆಗಳಲ್ಲಿ ಬಹುಭಾಗ ಈ ಒಂದು ಕ್ರಮದಿಂದಲೇ ಮಾಯವಾಗುತ್ತದೆ. ಏಳನೆಯ ಆವೃತ್ತಿಯಿಂದ ಬಲಭಾಗದಲ್ಲಿ ಪ್ರಕಾರವನ್ನು ಪುನಃ ಬರೆಯದೆ ಬರಿಯ ಕೋನಾವರಣವನ್ನು ಇಟ್ಟರೆ ಸಾಕು. ಆದರೆ ಆ ಆವರಣವನ್ನು ಬಿಟ್ಟರೆ ಅದು ಮತ್ತೆ ಕಚ್ಚಾ ಪ್ರಕಾರವೇ ಆಗುತ್ತದೆಂಬುದನ್ನು ಮರೆಯಬಾರದು.

ಎರಡನೆಯದು, ಒಳಗಿನ ಪ್ರಕಾರ ಯಾವುದಾದರೂ ಆಗಬಹುದಾದಲ್ಲಿ ‘ವೈಲ್ಡ್‌ಕಾರ್ಡ್’ ಬಳಸುವುದು. ಪಟ್ಟಿಯ ಉದ್ದವನ್ನು ಮಾತ್ರ ಎಣಿಸುವ ವಿಧಾನಕ್ಕೆ ಒಳಗೇನಿದೆಯೆಂಬ ಗೊಡವೆಯಿಲ್ಲ. ಅಲ್ಲಿ ಕೋನಾವರಣದೊಳಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಇಡಬೇಕು: ‘ಲಿಸ್ಟ್<?>’. ಇದು ಕಚ್ಚಾ ಪಟ್ಟಿಯಂತೆ ಕಂಡರೂ ಭೇದವಿದೆ. ಕಚ್ಚಾ ಪಟ್ಟಿಗೆ ಏನನ್ನು ಬೇಕಾದರೂ ಸೇರಿಸಬಹುದು. ಪ್ರಶ್ನಾರ್ಥಕದ ಪಟ್ಟಿಗೆ ಶೂನ್ಯಸೂಚಕವಾದ ‘ನಲ್’ ಹೊರತು ಏನನ್ನೂ ಸೇರಿಸಲಾಗದು. ಒಳಗೇನಿದೆಯೆಂದು ತಿಳಿಯದ ಡಬ್ಬಿಗೆ ಏನನ್ನೂ ಹಾಕಬಾರದು ಎಂಬ ವಿವೇಕ ಇದು. ಇದೇ ಸಂದರ್ಭದಲ್ಲಿ ಇನ್ನೊಂದು ಭ್ರಮೆಯನ್ನೂ ನಿವಾರಿಸಬೇಕು. ‘ಲಿಸ್ಟ್<ಸ್ಟ್ರಿಂಗ್>’ ಎಂಬುದು ‘ಲಿಸ್ಟ್<ಆಬ್ಜೆಕ್ಟ್>’ ಎಂಬುದರ ಉಪಪ್ರಕಾರವಲ್ಲ. ಹಾಗಾಗಿದ್ದರೆ, ಮೊದಲನೆಯದನ್ನು ಎರಡನೆಯದೆಂದು ಕರೆದು ಅದಕ್ಕೆ ಪೂರ್ಣಾಂಕವನ್ನು ಸೇರಿಸಬಹುದಾಗಿತ್ತು. ಅಕ್ಷರಸರಣಿಗಳ ಪಟ್ಟಿ ಕೆಡುತ್ತಿತ್ತು. ಓದುವುದಷ್ಟೇ ಉದ್ದೇಶವಾದಾಗ ‘? ಎಕ್ಸ್‌ಟೆಂಡ್ಸ್’ ಎಂಬ ರೂಪವೂ, ಸೇರಿಸುವುದಷ್ಟೇ ಉದ್ದೇಶವಾದಾಗ ‘? ಸೂಪರ್’ ಎಂಬ ರೂಪವೂ ಸಹಾಯಕ್ಕೆ ಬರುತ್ತವೆ.

ಮೂರನೆಯದು, ಹೊರಗಿನಿಂದ ಬಂದದ್ದನ್ನು ಗಡಿಯಲ್ಲಿಯೇ ಪರೀಕ್ಷಿಸುವುದು. ಮೂಲ ವಿಧಾನ ಇನ್ನೊಬ್ಬರದಾಗಿದ್ದು ಅದನ್ನು ತಿದ್ದಲಾಗದಿದ್ದರೆ, ಅದು ಕೊಟ್ಟ ಪಟ್ಟಿಯನ್ನು ‘ಲಿಸ್ಟ್<?>’ ಎಂದು ಸ್ವೀಕರಿಸಿ, ಒಂದೊಂದು ವಸ್ತುವನ್ನೂ ಪರೀಕ್ಷಿಸಿ, ಹೊಸ ಪಟ್ಟಿಗೆ ಸೇರಿಸಬೇಕು. ವಸ್ತುವು ಪೂರ್ಣಾಂಕವಾಗಿದ್ದರೆ ಹಾಗೆಯೇ ಸೇರಿಸುವುದು. ಅಕ್ಷರಸರಣಿಯಾಗಿದ್ದರೆ ‘ಪಾರ್ಸ್ ಇಂಟ್’ ಎಂಬ ವಿಧಾನದಿಂದ ಸಂಖ್ಯೆಯಾಗಿ ಪರಿವರ್ತಿಸಿ ಸೇರಿಸುವುದು. ಬೇರೇನಾದರೂ ಆಗಿದ್ದರೆ ಅಲ್ಲಿಯೇ ನಿಲ್ಲುವುದು. ಜಾವಾದ ಪಾರ್ಸ್ ಇಂಟ್ ವಿಧಾನವು ಯೂನಿಕೋಡಿನಲ್ಲಿ ಅಂಕಿಯೆಂದು ಗುರುತಿಸಿದ ಅಕ್ಷರಗಳನ್ನು ಒಪ್ಪುತ್ತದೆ. ಆದುದರಿಂದ ‘೧೧೨’ ಎಂಬ ಕನ್ನಡ ಬರಹವನ್ನು ಅದು ನೂರ ಹನ್ನೆರಡು ಎಂದೇ ಓದುತ್ತದೆ. ಎರಡು ಲಿಪಿಗಳ ಅಂಕಿಗಳಿಂದ ಹುಟ್ಟಿದ ತೊಡಕು ಇಲ್ಲಿ ತಾನಾಗಿ ಬಗೆಹರಿಯುತ್ತದೆ.

ತಪ್ಪು ವಸ್ತುವನ್ನು ಸೇರಿಸುತ್ತಿರುವ ಸಾಲು ಯಾವುದೆಂದು ಪತ್ತೆಯಾಗದಿದ್ದರೆ ‘ಚೆಕ್ಡ್ ಲಿಸ್ಟ್’ ಎಂಬ ಸಾಧನವಿದೆ. ಪಟ್ಟಿಯನ್ನು ಇದರಿಂದ ಆವರಿಸಿ, ಇರಬೇಕಾದ ಪ್ರಕಾರವನ್ನು ತಿಳಿಸಿದರೆ, ಸೇರಿಸುವ ಕ್ಷಣದಲ್ಲಿಯೇ ಪರೀಕ್ಷೆ ನಡೆಯುತ್ತದೆ. ಕೊಡದ ಬಳಿ ಕಾಣಿಸುತ್ತಿದ್ದ ದೋಷ ಆಗ ಬಾವಿಯ ಬಳಿಯೇ ಕಾಣಿಸುತ್ತದೆ.

ಗಡಿಯ ಪರೀಕ್ಷೆಯಿಂದ ಇನ್ನೂ ಒಂದು ಪ್ರಯೋಜನವುಂಟು. ಕಡತದಲ್ಲಿ ‘೪೫-೪೭’ ಎಂದು ಬರೆದಿರುವ ಚೀಟಿ ಸಿಕ್ಕಿತೆನ್ನೋಣ. ಪಾರ್ಸ್ ಇಂಟ್ ಇದನ್ನು ಸಂಖ್ಯೆಯೆಂದು ಒಪ್ಪದೆ ದೋಷವನ್ನು ವರದಿ ಮಾಡುತ್ತದೆ. ಇದು ಯಂತ್ರದ ಹಟವಲ್ಲ. ಮೂರು ಪುಟಗಳ ವ್ಯಾಪ್ತಿಯು ನಿಜವಾಗಿಯೂ ಒಂದು ಸಂಖ್ಯೆಯಲ್ಲ. ಶಬ್ದಸೂಚಿಯಲ್ಲಿ ಇರಬೇಕಾದದ್ದು ಪೂರ್ಣಾಂಕಗಳ ಪಟ್ಟಿಯಲ್ಲ, ಉಲ್ಲೇಖಗಳ ಪಟ್ಟಿ. ಒಂದೊಂದು ಉಲ್ಲೇಖಕ್ಕೂ ಆರಂಭದ ಪುಟ, ಕೊನೆಯ ಪುಟ ಎಂಬ ಎರಡು ಅಂಗಗಳಿರಬೇಕು. ೨೦೨೧ರ ಹದಿನಾರನೆಯ ಆವೃತ್ತಿಯಲ್ಲಿ ಸ್ಥಿರಗೊಂಡ ‘ರೆಕಾರ್ಡ್’ ಎಂಬ ರಚನೆಯಿಂದ ಇಂತಹ ಪ್ರಕಾರವನ್ನು ಒಂದೇ ಸಾಲಿನಲ್ಲಿ ನಿರೂಪಿಸಬಹುದು. ಎಚ್ಚರಿಕೆಯ ಬೆನ್ನು ಹತ್ತಿದ್ದರಿಂದ, ಪ್ರಕಾರದ ಕಲ್ಪನೆಯೇ ಅಪೂರ್ಣವಾಗಿತ್ತೆಂದು ತಿಳಿದುಬಂದಿತು. ಸಂಪಾದಕರು ಮೊದಲೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯನ್ನು ಕಂಪೈಲರ್ ಕೇಳಿದಂತಾಯಿತು.

೮. ಮೌನಗೊಳಿಸುವುದು ಯಾವಾಗ ಸರಿ?

ಎಷ್ಟು ತಿದ್ದಿದರೂ ಉಳಿಯುವ ಎಚ್ಚರಿಕೆಗಳೂ ಇವೆ. ಜೆನೆರಿಕ್ ಪ್ರಕಾರದ ಅರೇ ಒಂದನ್ನು ಜಾವಾ ನೇರವಾಗಿ ನಿರ್ಮಿಸಲು ಬಿಡುವುದಿಲ್ಲ. ಸಾಮಾನ್ಯ ವಸ್ತುಗಳ ಅರೇಯನ್ನು ಮಾಡಿ, ಬೇಕಾದ ಪ್ರಕಾರಕ್ಕೆ ಕಾಸ್ಟ್ ಮಾಡಬೇಕಾಗುತ್ತದೆ. ಆ ಅರೇ ವರ್ಗದ ಹೊರಗೆ ಹೋಗದಿದ್ದರೆ, ಅದರೊಳಗೆ ಹೋಗುವ ವಸ್ತುಗಳೆಲ್ಲ ಸರಿಯಾದ ಪ್ರಕಾರದವೆಂದು ಬರೆದವರು ತರ್ಕದಿಂದ ಸಾಧಿಸಬಹುದು. ಕಂಪೈಲರಿಗೆ ಅದು ಸಾಧ್ಯವಿಲ್ಲ. ಇಂತಹ ಸ್ಥಳಕ್ಕಾಗಿಯೇ ಐದನೆಯ ಆವೃತ್ತಿಯಲ್ಲಿ ‘ಸಪ್ರೆಸ್ ವಾರ್ನಿಂಗ್ಸ್’ ಎಂಬ ಟಿಪ್ಪಣಿಯನ್ನು ಒದಗಿಸಲಾಯಿತು. ಅದನ್ನು ಬರೆದ ಕಡೆ ಎಚ್ಚರಿಕೆ ಮೌನವಾಗುತ್ತದೆ. ಅನೇಕ ವಸ್ತುಗಳನ್ನು ಸ್ವೀಕರಿಸುವ ವಿಧಾನಗಳಿಗಾಗಿ ಏಳನೆಯ ಆವೃತ್ತಿಯಲ್ಲಿ ‘ಸೇಫ್ ವಾರಾರ್ಗ್ಸ್’ ಎಂಬ ಪ್ರತ್ಯೇಕ ಟಿಪ್ಪಣಿಯೂ ಬಂದಿತು.

ಈ ಟಿಪ್ಪಣಿಯ ಬಳಕೆಗೆ ಮೂರು ನಿಯಮಗಳನ್ನು ಪಾಲಿಸಬೇಕು. ಒಂದು, ಸುರಕ್ಷಿತವೆಂದು ಸಾಧಿಸಿದ ಮೇಲೆಯೇ ಅದನ್ನು ಬರೆಯಬೇಕು. ಎರಡು, ಆದಷ್ಟು ಕಿರಿದಾದ ವ್ಯಾಪ್ತಿಯಲ್ಲಿ ಬರೆಯಬೇಕು. ಇಡೀ ವರ್ಗದ ತಲೆಯ ಮೇಲೆ ಅದನ್ನು ಇಟ್ಟರೆ, ನಾಳೆ ಅದೇ ವರ್ಗದಲ್ಲಿ ಹುಟ್ಟುವ ನಿಜವಾದ ಅಪಾಯದ ಎಚ್ಚರಿಕೆಯೂ ಕೇಳಿಸುವುದಿಲ್ಲ. ಫಲಿತವನ್ನು ಹಿಂದಿರುಗಿಸುವ ವಾಕ್ಯದ ಮೇಲೆ ಈ ಟಿಪ್ಪಣಿಯನ್ನು ಇಡಲು ಭಾಷೆಯು ಒಪ್ಪುವುದಿಲ್ಲ; ಆಗ ಆ ಫಲಿತವನ್ನು ಒಂದು ಸ್ಥಳೀಯ ಚಲಕದಲ್ಲಿ ಇರಿಸಿ, ಆ ಘೋಷಣೆಯ ಮೇಲೆ ಮಾತ್ರ ಟಿಪ್ಪಣಿಯನ್ನು ಬರೆಯಬೇಕು. ಮೂರು, ಏಕೆ ಸುರಕ್ಷಿತ ಎಂಬ ಕಾರಣವನ್ನು ಅದರ ಪಕ್ಕದಲ್ಲಿಯೇ ಒಂದೆರಡು ವಾಕ್ಯಗಳಲ್ಲಿ ಬರೆದಿಡಬೇಕು. ಕಾರಣವನ್ನು ಬರೆಯಲು ಕುಳಿತಾಗ ಮಾತು ತಡವರಿಸಿದರೆ, ಸಾಧನೆ ಇನ್ನೂ ಪೂರ್ಣವಾಗಿಲ್ಲವೆಂದೇ ತಿಳಿಯಬೇಕು. ಜಾವಾದ ಸಂಗ್ರಹ ವರ್ಗಗಳ ವಿನ್ಯಾಸಕಾರರಾದ ಜೋಶುವಾ ಬ್ಲಾಕ್ ಅವರೂ ತಮ್ಮ ‘ಎಫೆಕ್ಟಿವ್ ಜಾವಾ’ ಗ್ರಂಥದಲ್ಲಿ ಇದೇ ಕ್ರಮವನ್ನು ಬೋಧಿಸಿದ್ದಾರೆ.

ಹಸ್ತಪ್ರತಿಯನ್ನು ನೋಡದೆ ಕರಡಿನ ಅಂಚಿನ ಪ್ರಶ್ನಾರ್ಥಕವನ್ನು ಅಳಿಸಿಹಾಕುವವರು ಕರಡನ್ನು ತಿದ್ದಿದಂತಾಗುವುದಿಲ್ಲ; ತಪ್ಪಿದ್ದಿರಬಹುದಾದ ಸ್ಥಳದ ಗುರುತನ್ನು ನಾಶಪಡಿಸಿದಂತಾಗುತ್ತದೆ. ಪರೀಕ್ಷಿಸದೆ ಎಚ್ಚರಿಕೆಯನ್ನು ಮೌನಗೊಳಿಸುವುದೂ ಅಂತಹುದೇ. ಅದಕ್ಕೆ ಪ್ರತಿಯಾಗಿ, ನೂರಾರು ನಿರುಪದ್ರವಿ ಎಚ್ಚರಿಕೆಗಳನ್ನು ಹಾಗೆಯೇ ಬಿಟ್ಟುಬಿಡುವುದೂ ಅಪಾಯಕರ; ನಾಳೆ ಬರುವ ಒಂದು ನಿಜವಾದ ಎಚ್ಚರಿಕೆ ಆ ಗದ್ದಲದಲ್ಲಿ ಕಳೆದುಹೋಗುತ್ತದೆ.

೯. ಸಮಾರೋಪ

ಕ್ರಮವಿಧಿಯ ಎಲ್ಲ ಭಾಗಗಳೂ ಇಂತಹ ಎಚ್ಚರಿಕೆಯಿಲ್ಲದೆ ಸಿದ್ಧಗೊಂಡರೆ, ಕಂಪೈಲರ್ ತಾನೇ ಸೇರಿಸಿದ ಕಾಸ್ಟ್‌ಗಳು ನಡೆಯುವಾಗ ವಿಫಲವಾಗುವುದಿಲ್ಲ ಎಂಬುದು ಜೆನೆರಿಕ್ಸ್ ವ್ಯವಸ್ಥೆಯು ನಮಗೆ ಕೊಡುವ ಭರವಸೆ. ಈ ಭರವಸೆಗೂ ಸೂಕ್ಷ್ಮವಾದ ಬಿರುಕುಗಳಿವ��ಯೆಂದು ನಾದಾ ಅಮೀನ್ ಮತ್ತು ರಾಸ್ ಟೇಟ್ ಅವರು ೨೦೧೬ರಲ್ಲಿ ತೋರಿಸಿದ್ದಾರೆ. ಆದರೆ ಅವರ ಉದಾಹರಣೆಗಳು ಉದ್ದೇಶಪೂರ್ವಕವಾಗಿ ಹೆಣೆದವು, ದಿನನಿತ್ಯದ ಬರವಣಿಗೆಯಲ್ಲಿ ಎದುರಾಗುವಂತಹವಲ್ಲ. ಇನ್ನೊಂದು ಮಿತಿಯನ್ನೂ ಹೇಳಬೇಕು. ಪ್ರಕಾರ ಸರಿಯಾದ ಮಾತ್ರಕ್ಕೆ ಅರ್ಥ ಸರಿಯಾಗುವುದಿಲ್ಲ. ೯ ಎಂದಿರಬೇಕಾದ ಕಡೆ ೬ ಎಂದು ಬೆರಳಚ್ಚು ಮಾಡಿದರೆ ಅದೂ ಪೂರ್ಣಾಂಕವೇ. ಅದನ್ನು ಯಾವ ಕಂಪೈಲರೂ ಹಿಡಿಯಲಾರದು. ‘ರಾಮನು ಬಂದನು’ ಎಂಬ ವಾಕ್ಯ ವ್ಯಾಕರಣಶುದ್ಧವಾಗಿದ್ದ ಮಾತ್ರಕ್ಕೆ ರಾಮನು ಬಂದದ್ದು ನಿಜವಾಗುವುದಿಲ್ಲವಷ್ಟೆ.

ಒಟ್ಟಿನಲ್ಲಿ, ಪ್ರಕಾರ ಸುರಕ್ಷತೆಯ ಎಚ್ಚರಿಕೆಯು ಯಂತ್ರದ ಹೊಣೆ ಮುಗಿದು ಮನುಷ್ಯನ ಹೊಣೆ ಆರಂಭವಾಗುವ ಗೆರೆಯನ್ನು ತೋರಿಸುತ್ತದೆ. ಆ ಗೆರೆಯನ್ನು ದಾಟುವಾಗ ಪ್ರಕಾರವನ್ನು ಪೂರ್ಣವಾಗಿ ಬರೆಯಬಹುದು, ಗಡಿಯಲ್ಲಿ ಪರೀಕ್ಷಿಸಬಹುದು, ಅಥವಾ ಕಾರಣಸಹಿತವಾಗಿ ಹೊಣೆಯನ್ನು ಹೊತ್ತುಕೊಳ್ಳಬಹುದು. ಯಾರೂ ಹೊಣೆ ಹೊರದೆ ಮುಂದೆ ಸಾಗುವುದು ಮಾತ್ರ ಸಲ್ಲದು. ಗಣಕಯಂತ್ರದ ನೆರವಿನಿಂದ ಸಿದ್ಧವಾದ ಶಬ್ದಸೂಚಿಯನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು ಅದರ ಹಿಂದಿನ ಕ್ರಮವಿಧಿಯನ್ನು ಎಂದೂ ನೋಡುವುದಿಲ್ಲ. ಪುಟಸಂಖ್ಯೆಯನ್ನು ನಂಬಿ ಗ್ರಂಥವನ್ನು ತೆರೆಯುತ್ತಾನೆ. ಆ ಪುಟದಲ್ಲಿ ಆ ಪದ ಇರಬೇಕು.